ಔಷಧಿಯಿಂದ ಕೂದಲು ಉದುರಿದರೆ: ಕಾಯುವುದೋ, ತಂಪು ಟೋಪಿಯೋ, ವಿಗ್ಗೋ, ತಲೆವಸ್ತ್ರವೋ?

ದಿನಕ್ಕೆ 50ರಿಂದ 100 ಕೂದಲು ಯಾರಿಗಾದರೂ ಉದುರುತ್ತದೆ. ಬಾಚಣಿಗೆಯಿಂದ ಬಿಡಿಸಿ ಬೆರಳಿಗೆ ಸುತ್ತಿ ಎತ್ತಿಡುವ ಆ ಪುಟ್ಟ ಉಂಡೆ ದಿನವೂ ನಿಂಬೆಹಣ್ಣಿನ ಗಾತ್ರಕ್ಕೆ ಬರತೊಡಗಿದಾಗ ಎದೆ ಧಸಕ್ಕೆನ್ನುತ್ತದೆ. ಆಗ ಮನೆಗೆ ಬಂದವರೆಲ್ಲ ಒಂದೊಂದು ಎಣ್ಣೆಯ ಹೆಸರು ಹೇಳಿಹೋಗುತ್ತಾರೆ. ಕಾಯಿಲೆ ವಾಸಿಯಾದರೆ ಸಾಕು, ಕೂದಲಿನ ಚಿಂತೆ ಯಾಕೆ ಅನ್ನುವವರೂ ಇರುತ್ತಾರೆ. ಕೂದಲಿನ ಚಿಂತೆ ಸಣ್ಣದಲ್ಲ. ಆ ಬೇಸರಕ್ಕೇ ಎಷ್ಟೋ ಜನ ಸದ್ದಿಲ್ಲದೆ ಮಾತ್ರೆ ಬಿಡುತ್ತಾರೆ, ನಿಜವಾದ ಅಪಾಯ ಅಲ್ಲಿಂದ ಶುರುವಾಗುತ್ತದೆ.

ಯಾವ ಉಪಾಯ ನಿಮಗೆ ಸರಿ ಅನ್ನುವುದನ್ನು ತೀರ್ಮಾನಿಸುವುದು ನಿಮ್ಮ ಔಷಧಿ, ಮತ್ತು ಅದನ್ನು ಶುರುಮಾಡಿದ ತಾರೀಖು. ಪಕ್ಕದ ಮನೆಯವರಿಗೆ ಫಲ ಕೊಟ್ಟದ್ದು ನಿಮಗೆ ಕೊಡದಿರುವುದಕ್ಕೆ ಬಹುಪಾಲು ಕಾರಣ ಇದೇ.

ಎರಡು ಬಗೆಯ ಉದುರುವಿಕೆ

ತಲೆಯಲ್ಲಿರುವ ಕೂದಲಿನಲ್ಲಿ ನೂರಕ್ಕೆ 85–90 ಭಾಗ ಯಾವಾಗಲೂ ಬೆಳೆಯುತ್ತಿರುತ್ತದೆ, ಉಳಿದದ್ದು ವಿಶ್ರಾಂತಿಯಲ್ಲಿರುತ್ತದೆ. ಕೀಮೋಥೆರಪಿ ಬೆಳೆಯುತ್ತಿರುವ ಬೇರಿಗೇ ಪೆಟ್ಟು ಕೊಡುತ್ತದೆ. ಡಾಕ್ಸೊರುಬಿಸಿನ್, ಸೈಕ್ಲೊಫಾಸ್ಫಮೈಡ್, ಪ್ಯಾಕ್ಲಿಟ್ಯಾಕ್ಸೆಲ್, ಡೋಸಿಟ್ಯಾಕ್ಸೆಲ್ ಈ ಸಾಲಿನಲ್ಲಿ ಮುಂದಿರುವವು. ಮೊದಲ ಡ್ರಿಪ್ ಆದ ಎರಡು–ಮೂರು ವಾರಕ್ಕೆ ನೆತ್ತಿ ಮುಟ್ಟಿದರೆ ನೋಯುತ್ತದೆ, ಆಮೇಲೆ ಕೂದಲು ಗೊಂಚಲು ಗೊಂಚಲಾಗಿ ಕೈಗೆ ಬರುತ್ತದೆ.

ದಿನನಿತ್ಯದ ಮಾತ್ರೆಗಳ ರೀತಿ ಬೇರೆ. ಫಿಟ್ಸ್‌ಗೆ ಕೊಡುವ ವ್ಯಾಲ್‌ಪ್ರೊಯೇಟ್, ಮನೋರೋಗಕ್ಕೆ ಲಿಥಿಯಂ, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್, ಬಿಪಿಗೆ ಮೆಟೊಪ್ರೊಲಾಲ್, ಕೀಲುವಾತಕ್ಕೆ ಮೆಥೊಟ್ರೆಕ್ಸೇಟ್ ಮತ್ತು ಲೆಫ್ಲುನಮೈಡ್, ಸೋರಿಯಾಸಿಸ್‌ಗೆ ಅಸಿಟ್ರೆಟಿನ್, ಥೈರಾಯ್ಡ್‌ಗೆ ಕಾರ್ಬಿಮಜೋಲ್: ಇವು ಬೆಳೆಯುವ ಕೂದಲನ್ನು ಅವಧಿಗೆ ಮುಂಚೆಯೇ ವಿಶ್ರಾಂತಿಗೆ ತಳ್ಳುತ್ತವೆ. ಹಾಗೆ ತಳ್ಳಿದ ಕೂದಲು ಉದುರುವುದು ಎರಡರಿಂದ ನಾಲ್ಕು ತಿಂಗಳ ನಂತರ. ಆದ್ದರಿಂದ ಯುಗಾದಿಗೆ ಶುರುವಾದ ಉದುರುವಿಕೆಗೆ ಕಾರಣ ಹುಡುಕಬೇಕಾದದ್ದು ಸಂಕ್ರಾಂತಿಯ ಆಸುಪಾಸಿನ ಔಷಧಿ ಚೀಟಿಯಲ್ಲಿ. ಹೋದ ವಾರ ಬದಲಿಸಿದ ಶಾಂಪೂವಿನಲ್ಲಿ ಅಲ್ಲ, ಬೋರ್‌ವೆಲ್ ನೀರಿನಲ್ಲೂ ಅಲ್ಲ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. 50–60 ಕೂದಲಿನ ಎಳೆ ಹಿಡಿದು, ಬುಡದಿಂದ ತುದಿಯವರೆಗೆ ಬೆರಳು ಜಾರಿಸುತ್ತಾ ಮೆಲ್ಲಗೆ ಎಳೆಯಿರಿ. ಆರಕ್ಕಿಂತ ಹೆಚ್ಚು ಬಂದರೆ ಉದುರುವಿಕೆ ಸಕ್ರಿಯವಾಗಿದೆ. ಬಂದ ಕೂದಲಿನ ಬುಡದಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳಿ ಗುಂಡು ಕಂಡರೆ ಅದು ವಿಶ್ರಾಂತಿಗೆ ಹೋಗಿ ಉದುರಿದ ಕೂದಲು. ಬಿಳಿ ಗುಂಡು ಕಂಡು ಬೇರೇ ಕಿತ್ತು ಬಂತೆಂದು ಹೆದರಬೇಡಿ. ಬೇರಿನ ಚೀಲ ಚರ್ಮದೊಳಗೇ ಉಳಿದಿರುತ್ತದೆ, ಹೊಸ ಕೂದಲು ಅಲ್ಲಿಂದಲೇ ಬರುತ್ತದೆ.

ಮಾತ್ರೆಯಿಂದ ಉದುರುತ್ತಿದ್ದರೆ

ನಿಮ್ಮ ಮುಂದೆ ಮೂರು ದಾರಿಗಳಿವೆ: ಮಾತ್ರೆ ಮುಂದುವರಿಸಿ ಕಾಯುವುದು, ವೈದ್ಯರೊಡನೆ ಮಾತಾಡಿ ಡೋಸ್ ಇಳಿಸುವುದು ಅಥವಾ ಮಾತ್ರೆ ಬದಲಿಸುವುದು, ಕೂದಲಿಗೆ ಬೇರೆ ಔಷಧಿ ಹಚ್ಚುವುದು.

ಕಾಯುವುದು ಸೋತಂತಲ್ಲ. ಥೈರಾಯ್ಡ್ ಹಾರ್ಮೋನಿನ ಮಾತ್ರೆಯಾದ ಥೈರಾಕ್ಸಿನ್ ಶುರುಮಾಡಿದ ಮೊದಲ ತಿಂಗಳುಗಳಲ್ಲಿ ಉದುರುವ ಕೂದಲು, ಹಾರ್ಮೋನು ಸಮಸ್ಥಿತಿಗೆ ಬಂದಂತೆ ತಾನಾಗಿ ನಿಲ್ಲುತ್ತದೆ. ಬೇರೆ ಮಾತ್ರೆಗಳಲ್ಲೂ ಕಾರಣ ದೂರವಾದ ಮೂರರಿಂದ ಆರು ತಿಂಗಳಿಗೆ ಮರುಬೆಳವಣಿಗೆ ಕಾಣುತ್ತದೆ. ಕಾಯುವಾಗ ಎಣಿಸುತ್ತಾ ಕೂರುವುದಕ್ಕಿಂತ ತಿಂಗಳಿಗೊಮ್ಮೆ ಅದೇ ಕಿಟಕಿಯ ಬೆಳಕಿನಲ್ಲಿ, ಅದೇ ಬೈತಲೆ ತೆಗೆದು ಫೋಟೊ ತೆಗೆದಿಡಿ. ವೈದ್ಯರಿಗೂ ಅದೇ ಉಪಯೋಗಕ್ಕೆ ಬರುವುದು.

ಬದಲಿಸುವ ದಾರಿ ಒಳ್ಳೆಯದೇ, ಆದರೆ ಬರೆದ ವೈದ್ಯರ ಕೈಯಿಂದ ಮಾತ್ರ. ವ್ಯಾಲ್‌ಪ್ರೊಯೇಟ್ ಥಟ್ಟನೆ ಬಿಟ್ಟರೆ ನಿಲ್ಲದ ಫಿಟ್ಸ್ ಬರಬಹುದು. ಮೆಟೊಪ್ರೊಲಾಲ್ ಏಕಾಏಕಿ ನಿಲ್ಲಿಸಿದರೆ ಬಿಪಿ ಜಿಗಿದು ಎದೆನೋವು ಬರಬಹುದು. ವಾರ್ಫರಿನ್ ಬಿಟ್ಟರೆ ಹೆಪ್ಪು ಕಟ್ಟಿ ಪಾರ್ಶ್ವವಾಯು ಆಗಬಹುದು. ಹೀಗೆ ಕೇಳಿ: "ಡೋಸ್ ಕಡಿಮೆ ಮಾಡಿದರೆ ನಡೆಯುತ್ತದೆಯೇ? ಇದೇ ಕೆಲಸದ ಬೇರೆ ಮಾತ್ರೆ ನನಗೆ ಆಗುತ್ತದೆಯೇ?" ವ್ಯಾಲ್‌ಪ್ರೊಯೇಟ್‌ನಿಂದ ಉದುರುವುದು ಡೋಸಿಗೆ ತಕ್ಕಂತೆ, ಹಾಗಾಗಿ ಇಳಿಸಿದರೆ ಕಡಿಮೆಯಾಗುವ ಸಾಧ್ಯತೆ ನಿಜವಾಗಿಯೂ ಇದೆ. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ತೆಗೆದುಕೊಳ್ಳುವವರು ಜೊತೆಗೆ ಬರೆದ ಫೋಲಿಕ್ ಆಸಿಡ್ ಅನ್ನು ಬೇರೆ ದಿನ ತಪ್ಪದೆ ನುಂಗುತ್ತಿದ್ದೀರಾ ನೋಡಿಕೊಳ್ಳಿ. "ಬರೀ ವಿಟಮಿನ್ ತಾನೆ" ಎಂದು ಬಿಟ್ಟವರಲ್ಲಿ ಕೂದಲೂ ಬಾಯಿಹುಣ್ಣೂ ಹೆಚ್ಚು ಕಾಡುತ್ತವೆ. ಲಿಥಿಯಂ ಥೈರಾಯ್ಡನ್ನು ಕುಗ್ಗಿಸಿ, ಆ ಮೂಲಕ ಕೂದಲು ಉದುರಿಸುವುದೂ ಉಂಟು. ಅಲ್ಲಿ ಥೈರಾಯ್ಡ್ ಕೆಲಸ ಅಳೆಯುವ ಟಿಎಸ್‌ಎಚ್ ರಕ್ತಪರೀಕ್ಷೆ ಮೊದಲು, ಮಾತ್ರೆ ಬದಲಿಸುವ ಮಾತು ಆಮೇಲೆ.

ಎಲ್ಲ ತಪ್ಪೂ ಮಾತ್ರೆಯದೇ ಆಗಿರಬೇಕಿಲ್ಲ. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಟಿಎಸ್‌ಎಚ್ ಮೂರನ್ನೂ ಒಮ್ಮೆ ನೋಡಿಸಿ. ಕಬ್ಬಿಣದ ಮಾತ್ರೆ ಬರೆದರೆ ಕಾಫಿ, ಟೀಗೆ ಒಂದು ಗಂಟೆಯಾದರೂ ಅಂತರ ಕೊಡಿ, ಥೈರಾಕ್ಸಿನ್‌ಗೆ ನಾಲ್ಕು ಗಂಟೆ. ಇಲ್ಲದಿದ್ದರೆ ಒಂದನ್ನೊಂದು ಹೀರಲು ಬಿಡುವುದಿಲ್ಲ. ವಾರ್ಫರಿನ್ ನುಂಗುವವರಿಗೆ ಇನ್ನೊಂದು ಮಾತು. ಕೂದಲಿಗೆ ಒಳ್ಳೆಯದೆಂದು ದಿಢೀರನೆ ದಿನವೂ ಸೊಪ್ಪಿನ ಬಸ್ಸಾರು ಶುರುಮಾಡಬೇಡಿ. ಸೊಪ್ಪಿನಲ್ಲಿರುವ ವಿಟಮಿನ್ ಕೆ ವಾರ್ಫರಿನ್‌ನ ಕೆಲಸವನ್ನು ತಗ್ಗಿಸುತ್ತದೆ. ಮೊದಲಿನಿಂದ ಎಷ್ಟು ತಿನ್ನುತ್ತಿದ್ದಿರೋ ಅಷ್ಟನ್ನೇ ಪ್ರತಿವಾರ ತಿನ್ನಿ.

ಇನ್ನು ಹಚ್ಚುವ ಔಷಧಿ. ಮಿನಾಕ್ಸಿಡಿಲ್ ದ್ರಾವಣ 2 ಮತ್ತು 5 ಶೇಕಡಾದಲ್ಲಿ ಬರುತ್ತದೆ. ಸಾಮಾನ್ಯ ಅಳತೆ ಒಂದು ಸಲಕ್ಕೆ 1 ಮಿ.ಲೀ., ದಿನಕ್ಕೆ ಎರಡು ಸಲ. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ಮೊದಲ ಎರಡು ತಿಂಗಳೊಳಗೆ ಉದುರುವಿಕೆ ಇನ್ನಷ್ಟು ಹೆಚ್ಚಬಹುದು, ಬಹಳ ಮಂದಿ ಗಾಬರಿಯಾಗಿ ಬಾಟಲಿ ಎಸೆಯುವುದು ಆಗಲೇ. ನಮ್ಮ ಕಡೆ ಆಗುವ ದೊಡ್ಡ ತಪ್ಪೆಂದರೆ ಎಣ್ಣೆ ಹಚ್ಚಿದ ತಲೆಗೆ ಅದನ್ನು ಸುರಿಯುವುದು. ಎಣ್ಣೆಯ ಪದರದ ಮೇಲೆ ಹಾಕಿದರೆ ಅದು ನೆತ್ತಿಗೆ ಇಳಿಯದೆ ಹಣೆಗೆ ಹರಿಯುತ್ತದೆ, ಹಣೆಯ ಮೇಲೆ ನವಿರು ಕೂದಲು ಹುಟ್ಟುತ್ತದೆ. ಒಣಗಿದ, ಎಣ್ಣೆಯಿಲ್ಲದ ನೆತ್ತಿಗೆ ಹಚ್ಚಿ, ಕೈ ತೊಳೆದು, ಮಲಗುವ ಎರಡು ಗಂಟೆ ಮುಂಚೆಯೇ ಮುಗಿಸಿ. ಗರ್ಭಿಣಿಯರಿಗೂ ಎದೆಹಾಲು ಕೊಡುವವರಿಗೂ ಇದು ಬೇಡ. ಹೃದಯದ ತೊಂದರೆ ಇರುವವರು ಕೇಳಿಯೇ ಹಚ್ಚಬೇಕು. ಮನೆಯಲ್ಲಿ ಬೆಕ್ಕಿದ್ದರೆ ಎಚ್ಚರ, ತುಸು ನೆಕ್ಕಿದರೂ ಅದಕ್ಕೆ ವಿಷ. ನಮ್ಮ ಅಭಿಪ್ರಾಯ ಹೇಳುವುದಾದರೆ, ಉದುರಲು ಕಾರಣವಾದ ಮಾತ್ರೆ ಇನ್ನು ಎರಡು ತಿಂಗಳಲ್ಲಿ ನಿಲ್ಲುವುದಿದ್ದರೆ ಮಿನಾಕ್ಸಿಡಿಲ್ ಬೇಕಾಗಿಲ್ಲ. ವರ್ಷಗಟ್ಟಲೆ ನಡೆಯುವ ಮಾತ್ರೆಯಾಗಿದ್ದರೆ ಚರ್ಮವೈದ್ಯರೊಡನೆ ಇದರ ಮಾತೆತ್ತಿ.

ಕೂದಲಿಗೆಂದು ಮಾರುವ ಬಯೋಟಿನ್ ಎಂಬ ವಿಟಮಿನ್ ಮಾತ್ರೆಗೆ ಸುಮ್ಮನೆ ದುಡ್ಡು ಹಾಕಬೇಡಿ. ಬಯೋಟಿನ್ ಕೊರತೆ ಅಪರೂಪ, ಆದರೆ ಅದರ ದೊಡ್ಡ ಡೋಸ್ ಥೈರಾಯ್ಡ್ ಪರೀಕ್ಷೆಯನ್ನೂ ಹೃದಯಾಘಾತ ಪತ್ತೆಮಾಡುವ ಟ್ರೊಪೊನಿನ್ ಪರೀಕ್ಷೆಯನ್ನೂ ತಪ್ಪಾಗಿ ತೋರಿಸಬಲ್ಲದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಈಗಾಗಲೇ ನುಂಗುತ್ತಿದ್ದರೆ ರಕ್ತ ಕೊಡುವಾಗ ಹೇಳಿ. ಪಿಆರ್‌ಪಿ ಇಂಜೆಕ್ಷನ್ (ನಿಮ್ಮದೇ ರಕ್ತದಿಂದ ಬೇರ್ಪಡಿಸಿದ ದ್ರವವನ್ನು ನೆತ್ತಿಗೆ ಚುಚ್ಚುವುದು), ಕೂದಲು ನಾಟಿ ಇವು ಈ ಬಗೆಯ ಉದುರುವಿಕೆಗೆ ಮದ್ದಲ್ಲ.

ಕೊಬ್ಬರಿ ಎಣ್ಣೆ, ಗರಗದ ಎಣ್ಣೆ, ದಾಸವಾಳದ ಸೊಪ್ಪು ಇವನ್ನು ಬೈಯುವುದಿಲ್ಲ. ಇರುವ ಕೂದಲು ಒಣಗಿ ತುಂಡಾಗುವುದನ್ನು ಎಣ್ಣೆ ತಡೆಯುತ್ತದೆ. ಔಷಧಿಯಿಂದ ಬುಡದಲ್ಲೇ ಸಡಿಲವಾದದ್ದನ್ನು ಹಿಡಿದು ನಿಲ್ಲಿಸಲಾರದು. ಬರೀ ಹರಳೆಣ್ಣೆಯನ್ನು ಗಟ್ಟಿಯಾಗಿ ಮೆತ್ತಿ ತಿಕ್ಕಿದರೆ ಉದುರಿದ ಎಳೆಗಳೂ ಇರುವ ಎಳೆಗಳೂ ಸಿಕ್ಕುಬಿದ್ದು ಜಡೆಗಟ್ಟಿ, ಕತ್ತರಿಸದೆ ಬಿಡಿಸಲು ಆಗುವುದಿಲ್ಲ. ಈರುಳ್ಳಿ ರಸ ಕೀಮೋ ನಡೆಯುವಾಗ ಸುತರಾಂ ಬೇಡ, ತೆಳುವಾದ ಚರ್ಮ ಉರಿದುಹೋಗುತ್ತದೆ. ಹೊಟ್ಟೆಗೆ ತೆಗೆದುಕೊಳ್ಳುವ ಲೇಹ್ಯ, ಪುಡಿಗಳನ್ನು ನಿಮ್ಮ ಡಾಕ್ಟರಿಗೆ ತೋರಿಸದೆ ಶುರುಮಾಡಬೇಡಿ. ಮೆಥೊಟ್ರೆಕ್ಸೇಟ್ ಮೊದಲೇ ಯಕೃತ್ತಿನ ಮೇಲೆ ಭಾರ ಹಾಕಿರುತ್ತದೆ.

ಕೀಮೋ ಆದರೆ: ಉಳಿಸಲು ನೋಡುವುದೋ, ಮೊದಲೇ ತೆಗೆಸುವುದೋ

ಉಳಿಸಲು ಇರುವ ಒಂದೇ ಗಟ್ಟಿ ಉಪಾಯ ನೆತ್ತಿಯನ್ನು ತಂಪಾಗಿಡುವ ಟೋಪಿ. ಯಂತ್ರದಿಂದ ತಣ್ಣನೆಯ ದ್ರವ ಹರಿದು ನೆತ್ತಿಯ ಚರ್ಮ ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ. ರಕ್ತನಾಳಗಳು ಕುಗ್ಗಿ ಬೇರಿಗೆ ಔಷಧಿ ಕಡಿಮೆ ತಲುಪುತ್ತದೆ, ಬೇರಿನ ಕೋಶಗಳೂ ನಿಧಾನವಾಗುತ್ತವೆ. ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಟೋಪಿ ಹಾಕಿಸಿಕೊಂಡವರಲ್ಲಿ ಸುಮಾರು ಅರ್ಧದಷ್ಟು ಜನರ ಕೂದಲು ಉಳಿಯಿತು, ಹಾಕಿಸಿಕೊಳ್ಳದವರಲ್ಲಿ ಒಬ್ಬರದೂ ಉಳಿಯಲಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ. ಕೂದಲಿನ ಅರ್ಧಕ್ಕಿಂತ ಕಡಿಮೆ ಹೋದರೆ ಅದನ್ನು ಗೆಲುವು ಎಂದು ಲೆಕ್ಕ ಹಾಕುತ್ತಾರೆ. ಸೊಂಟದವರೆಗೆ ಜಡೆ ಇರುವವರಿಗೆ ಅರ್ಧ ಹೋದರೂ ಕನ್ನಡಿಯಲ್ಲಿ ದೊಡ್ಡ ವ್ಯತ್ಯಾಸ. ಪ್ಯಾಕ್ಲಿಟ್ಯಾಕ್ಸೆಲ್, ಡೋಸಿಟ್ಯಾಕ್ಸೆಲ್ ಮಾತ್ರ ಇದ್ದರೆ ಫಲ ಹೆಚ್ಚು, ಡಾಕ್ಸೊರುಬಿಸಿನ್ ಸೇರಿದರೆ ಕಡಿಮೆ. ರಕ್ತದ ಕ್ಯಾನ್ಸರ್‌ಗಳಿಗೂ ಚಳಿ ತಗುಲಿದರೆ ಗಂಧೆ ಏಳುವವರಿಗೂ ಇದು ಆಗುವುದಿಲ್ಲ.

ಎಲ್ಲ ಡೇ-ಕೇರ್ ವಾರ್ಡುಗಳಲ್ಲೂ ಈ ಯಂತ್ರ ಇರುವುದಿಲ್ಲ. ಮೊದಲ ಡ್ರಿಪ್‌ಗೆ ಮುಂಚೆಯೇ ವಿಚಾರಿಸಿ, ಎರಡನೆಯದಕ್ಕೆ ಕೇಳಿದರೆ ತಡವಾಯಿತು. ಡ್ರಿಪ್‌ಗೆ ಅರ್ಧ ಗಂಟೆ ಮುಂಚೆ ಟೋಪಿ ಹಾಕಿ, ಮುಗಿದ ಮೇಲೂ ಔಷಧಿಗೆ ತಕ್ಕಂತೆ ಒಂದೂವರೆ ಗಂಟೆಯವರೆಗೆ ಇಟ್ಟುಕೊಳ್ಳಬೇಕಾಗಬಹುದು. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿ.ಮೀ. ಬಂದು ಅದೇ ದಿನ ಹಿಂತಿರುಗುವವರು ಸಂಜೆಯ ರೈಲನ್ನು ಆ ಲೆಕ್ಕದಲ್ಲೇ ಗೊತ್ತುಮಾಡಿಕೊಳ್ಳಬೇಕು. ಮೊದಲ ಹತ್ತು–ಹದಿನೈದು ನಿಮಿಷ ತಲೆ ಸಿಡಿಯುವಂಥ ಚಳಿ, ಆಮೇಲೆ ಮರಗಟ್ಟುತ್ತದೆ. ಸ್ವೆಟರ್, ಕಂಬಳಿ ಒಯ್ಯಿರಿ. ಟೋಪಿ ನೆತ್ತಿಗೆ ಎಲ್ಲೂ ಸಂದಿಲ್ಲದೆ ಅಂಟಿರಬೇಕು. ನಡುನೆತ್ತಿಯಲ್ಲಿ ಸಂದು ಬಿಟ್ಟರೆ ಅಲ್ಲೇ ಬೋಳು ಮಚ್ಚೆಯಾಗುತ್ತದೆ. ಮನೆಯ ಫ್ರಿಜ್‌ನ ಐಸ್ ಚೀಲ ಇದಕ್ಕೆ ಬದಲಲ್ಲ, ಒಂದು ಕಡೆ ಚರ್ಮ ಹೆಪ್ಪುಗಟ್ಟಿ ಸುಟ್ಟಂತಾಗುತ್ತದೆ, ಇನ್ನೊಂದು ಕಡೆ ತಂಪೇ ತಲುಪುವುದಿಲ್ಲ.

ಟೋಪಿ ಬೇಡ ಅಥವಾ ಸಿಗಲಿಲ್ಲ ಎಂದಾದರೆ, ಉದುರುವ ಮುಂಚೆ ಕೂದಲು ಚಿಕ್ಕದು ಮಾಡಿಸುವುದು ಮೇಲು. ಉದ್ದ ಕೂದಲು ಗೊಂಚಲಾಗಿ ಬೀಳುವುದನ್ನು ನೋಡುವ ಸಂಕಟ ತಪ್ಪುತ್ತದೆ, ಸಿಕ್ಕೂ ಆಗುವುದಿಲ್ಲ. ಆದರೆ ರೇಜರ್ ಬೇಡ, ಟ್ರಿಮ್ಮರ್‌ನಲ್ಲಿ 2–3 ಮಿ.ಮೀ. ಉಳಿಸಿ. ಉಳಿದ ಮೋಟು ಕೂದಲು ಉದುರುವಾಗ ದಿಂಬಿನ ಮೇಲೆ ಮುಳ್ಳಿನಂತೆ ಚುಚ್ಚುತ್ತದೆ, ಅಗಲದ ಅಂಟುಪಟ್ಟಿಯನ್ನು ತಲೆಗೆ ಮೆಲ್ಲಗೆ ಒತ್ತಿ ತೆಗೆದರೆ ಬಂದುಬಿಡುತ್ತದೆ.

ನಂಜನಗೂಡಿಗೆ ಹೋಗಿ ಮುಡಿ ಕೊಟ್ಟುಬಿಡೋಣ, ಕೇಳಿದವರಿಗೆ ಹರಕೆ ಅನ್ನಬಹುದು ಎಂದು ಹಲವರು ಯೋಚಿಸುತ್ತಾರೆ. ಆ ಯೋಚನೆಯಲ್ಲಿ ಮನಸ್ಸಿಗೆ ದೊಡ್ಡ ನೆಮ್ಮದಿ ಇದೆ, ಬೇಡವೆನ್ನುವುದಿಲ್ಲ. ಆದರೆ ದಿನ ನೋಡಿ ಹೋಗಿ. ಕೀಮೋ ಆದ 7ರಿಂದ 14ನೇ ದಿನದ ನಡುವೆ ಬಿಳಿ ರಕ್ತಕಣ ಸಾಮಾನ್ಯವಾಗಿ ತಳ ಮುಟ್ಟಿರುತ್ತದೆ. ಆಗ ಕತ್ತಿಯ ಸಣ್ಣ ಗೀರು, ಕಪಿಲೆಯಲ್ಲೊಂದು ಮುಳುಗು ಸಾಕು ಸೋಂಕು ತರಲು. ಮೊದಲ ಡ್ರಿಪ್‌ಗೆ ಕೆಲವು ದಿನ ಮುಂಚೆ ಹೋಗಿ, ಹೊಸ ಬ್ಲೇಡ್ ನಿಮ್ಮೆದುರೇ ಬಿಚ್ಚಿಸಿ. ಇಲ್ಲವೇ ಹರಕೆಯನ್ನು ಈಗ ಕಟ್ಟಿಕೊಂಡು, ಕೂದಲು ಮರಳಿ ಬಂದ ಮೇಲೆ ತೀರಿಸಿ. ಮುತ್ತೈದೆಯ ತಲೆ ಬೋಳಾಗುವುದನ್ನು ಸಹಿಸಲಾರದ ಹಿರಿಯರು ಮನೆಯಲ್ಲಿದ್ದರೆ, ತೆಗೆಸುವ ಹಿಂದಿನ ದಿನವೇ ಅವರಿಗೆ ತಿಳಿಸಿ ಕೂತು ಮಾತಾಡಿ.

ವಿಗ್, ಚೌರಿ, ತಲೆವಸ್ತ್ರ

ಸಿಂಥೆಟಿಕ್ ವಿಗ್ ಅಗ್ಗ, ಹಗುರ, ತೊಳೆದರೂ ಆಕಾರ ಕೆಡುವುದಿಲ್ಲ. ದಿನವೂ ಹಾಕಿದರೆ ನಾಲ್ಕರಿಂದ ಆರು ತಿಂಗಳು ಬಾಳುತ್ತದೆ, ಒಂದು ಕೀಮೋ ಅವಧಿಗೆ ಅದು ಸಾಕು. ಅದರ ಶತ್ರು ಶಾಖ. ಕುಕ್ಕರ್ ಮುಚ್ಚಳ ತೆಗೆದಾಗ ಮುಖಕ್ಕೆ ಬಡಿಯುವ ಆವಿ, ದೇವರ ದೀಪಕ್ಕೆ ಬಗ್ಗಿದಾಗಿನ ಬಿಸಿ ಸಾಕು, ಮುಂಗುರುಳು ಸುಟ್ಟ ಪ್ಲಾಸ್ಟಿಕ್‌ನಂತೆ ಸುರುಟಿಕೊಂಡು ಮತ್ತೆ ನೇರವಾಗುವುದಿಲ್ಲ. ಅಡುಗೆಮನೆಗೆ ಹೋಗುವಾಗ ತೆಗೆದಿಡಿ. ಅಸಲಿ ಕೂದಲಿನದು ಶಾಖ ತಡೆಯುತ್ತದೆ, ವರ್ಷದ ಮೇಲೂ ಬರುತ್ತದೆ. ಬೆಲೆ ಹಲವು ಪಟ್ಟು, ಭಾರವೂ ಹೆಚ್ಚು, ಬಿಸಿಲಿಗೆ ಬಣ್ಣ ಕೆಂಪಾಗುತ್ತದೆ. ತಿಂಗಳಲ್ಲಿ ನಾಲ್ಕು ದಿನ ಮದುವೆ, ಆಫೀಸು ಎಂದು ಹಾಕುವವರಿಗೆ ಸಿಂಥೆಟಿಕ್ ಸಾಕೇ ಸಾಕು. ಪಾಠ ಮಾಡುವವರು, ಕೌಂಟರಿನಲ್ಲಿ ಕೂರುವವರು ದುಡ್ಡು ಹೊಂದಿದರೆ ಅಸಲಿ ಕೂದಲಿನದಕ್ಕೆ ಹೋಗಬಹುದು.

ಯಾವುದೇ ಆದರೂ ಕೂದಲು ಇರುವಾಗಲೇ ಕೊಳ್ಳಿ. ಬಣ್ಣ, ಬೈತಲೆ ಹೊಂದಿಸಲು ಆಗಷ್ಟೇ ಸಾಧ್ಯ. ಹಣೆಯ ಗೆರೆ, ಕಿವಿಯ ಮೇಲ್ಭಾಗ, ಕತ್ತಿನ ಕುಳಿ ಸುತ್ತಿ ಅಳೆದರೆ ಬಹುತೇಕರಿಗೆ 54ರಿಂದ 57 ಸೆ.ಮೀ. ಬರುತ್ತದೆ. ಕೂದಲು ಹೋದ ಮೇಲೆ ಅಳತೆ ತುಸು ಇಳಿಯುವುದರಿಂದ ಒಳಗೆ ಬಿಗಿಮಾಡುವ ಪಟ್ಟಿ ಇರಲೇಬೇಕು. ತಲೆಗೆ ಹಾಕಿದ್ದನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದು ಕಷ್ಟ, ಆದ್ದರಿಂದ ಅಲ್ಲೇ ಬಗ್ಗಿ ಕಾಲು ಮುಟ್ಟಿ ನಮಸ್ಕಾರ ಮಾಡಿ ನೋಡಿ. ಜಾರಿದರೆ ಅದು ನಿಮ್ಮದಲ್ಲ. ಹೊರಗೆ ಬಂದು ಬಿಸಿಲಿನಲ್ಲಿ ಬಣ್ಣವನ್ನೂ ನೋಡಿ. ಒಳಗೆ ಹತ್ತಿಯ ಟೋಪಿ ಹಾಕದಿದ್ದರೆ ಏಪ್ರಿಲ್ ಬಿಸಿಲಲ್ಲಿ ಬೆವರಿ ನವೆ ಬರುತ್ತದೆ. ಹೆಲ್ಮೆಟ್ ತೆಗೆಯುವಾಗ ವಿಗ್ ಜೊತೆಗೇ ಬರುತ್ತದೆ, ಸ್ಕೂಟರ್ ಪ್ರಯಾಣಕ್ಕೆ ವಸ್ತ್ರ ಕಟ್ಟಿ, ತಲುಪಿದ ಮೇಲೆ ವಿಗ್ ಹಾಕಿ. ಮಲ್ಲಿಗೆ ಮುಡಿಯಬೇಕೆಂದರೆ ದಂಡೆಯ ನೀರನ್ನು ಬಟ್ಟೆಯಲ್ಲಿ ಒತ್ತಿ ತೆಗೆದು, ಅರ್ಧ ಮೊಳದಷ್ಟನ್ನು ವಿಗ್ಗಿನ ಹೊಲಿಗೆ ಸಾಲಿಗೆ ಸಿಕ್ಕಿಸಿ. ಒಂದು ಮೊಳವಾದರೆ ವಿಗ್ ಹಿಂದಕ್ಕೆ ಎಳೆಯುತ್ತದೆ.

ಕೂದಲು ತೆಳುವಾಗಿ ಪೂರ್ತಿ ಹೋಗದವರು ಚೌರಿ ಸೇರಿಸಿ ಜಡೆ ದಪ್ಪ ಮಾಡಿಕೊಳ್ಳುವುದು ವಾಡಿಕೆ. ಈಗ ಅದು ಬೇಡ. ಸಡಿಲವಾದ ಬುಡಕ್ಕೆ ಚೌರಿಯ ಭಾರ ತೂಗಿದರೆ ಹಣೆಯಂಚಿನ ಕೂದಲು ಎಳೆತಕ್ಕೇ ಹೋಗುತ್ತದೆ, ಬಹುಕಾಲ ಎಳೆದರೆ ಆ ಜಾಗ ಮತ್ತೆ ತುಂಬದೇ ಹೋಗಬಹುದು. ನಡುನೆತ್ತಿಗೆ ಸಿಕ್ಕಿಸುವ ಹಗುರವಾದ ಪ್ಯಾಚ್ ವಾಸಿ, ದಿನವೂ ಕ್ಲಿಪ್ ಹಾಕುವ ಜಾಗ ಬದಲಿಸುತ್ತಿರಿ.

ನಾವು ಹೆಚ್ಚು ಶಿಫಾರಸು ಮಾಡುವುದು ಕತ್ತರಿಸಿದ ನಿಮ್ಮದೇ ಜಡೆಯನ್ನು ವಸ್ತ್ರದ ಕೆಳಗೆ ಬಳಸುವುದನ್ನು. ಪೂರ್ತಿ ವಿಗ್ಗಿಗೆ ಒಬ್ಬರ ಜಡೆ ಸಾಲದು, ಇದಕ್ಕೆ ಸಾಕು. ಕತ್ತರಿಸುವ ಮುಂಚೆ ಬುಡದಲ್ಲಿ ಗಟ್ಟಿಯಾಗಿ ರಬ್ಬರ್ ಹಾಕಿ. ಬುಡ–ತುದಿ ಅದಲುಬದಲಾದರೆ ಎಳೆಯ ಸಿಪ್ಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಒಂದೇ ದಿನಕ್ಕೆ ಗಂಟಾಗುತ್ತದೆ. 25 ಸೆ.ಮೀ. ಉದ್ದದ ಹತ್ತಿ ಪಟ್ಟಿಯ ಮೇಲೆ ಬುಡಗಳನ್ನು 2–3 ಮಿ.ಮೀ. ದಪ್ಪಕ್ಕೆ ಹರಡಿ, ಮೇಲೊಂದು ಪಟ್ಟಿ ಇಟ್ಟು ಹತ್ತಿರದ ಹೊಲಿಗೆ ಹಾಕಿಸಿ. ಮೇಲೆ ಉಳಿದ ಒಂದು ಸೆಂಟಿಮೀಟರ್ ಕೂದಲನ್ನು ಕೆಳಕ್ಕೆ ಮಡಿಚಿ ಇನ್ನೊಂದು ಸಾಲು ಹೊಲಿದರೆ ಎಳೆ ಜಾರುವುದಿಲ್ಲ. ದಪ್ಪವಾಗಿ ಹರಡಿದರೆ ನಡುವಿನ ಎಳೆಗಳು ದಾರಕ್ಕೆ ಸಿಗದೆ ಉದುರಿಹೋಗುತ್ತವೆ. ಈ ಪಟ್ಟಿಯನ್ನು ಹತ್ತಿ ಟೋಪಿಯ ಹಿಂಬದಿಗೆ ಟಿಚ್ ಬಟನ್ನಿನಿಂದ ಕೂರಿಸಿ, ಮೇಲೆ ವಸ್ತ್ರ ಕಟ್ಟಿದರೆ ಕೆಳಗೆ ಇಳಿಯುವುದು ನಿಮ್ಮದೇ ಕೂದಲು.

ವಸ್ತ್ರಕ್ಕೆ ರೇಷ್ಮೆ ಬೇಡ, ಮೈಸೂರು ರೇಷ್ಮೆಯ ನುಣುಪು ಬೋಳು ತಲೆಯ ಮೇಲೆ ನಿಲ್ಲುವುದಿಲ್ಲ. ಒಗೆದು ಒಗೆದು ಮೆತ್ತಗಾದ ಹಳೆಯ ಹತ್ತಿ ಸೀರೆಯಿಂದ 90 ಸೆ.ಮೀ. ಚೌಕ ಕತ್ತರಿಸಿ. ಮೂಲೆಯಿಂದ ಮೂಲೆಗೆ ಮಡಿಚಿ, ಉದ್ದದ ಅಂಚನ್ನು ಹುಬ್ಬಿನ ಮೇಲೆ ಎರಡು ಬೆರಳು ಬಿಟ್ಟು ಇಡಿ. ಎರಡು ತುದಿಗಳನ್ನು ಹಿಂದಕ್ಕೆ ಒಯ್ದು ಮೂರನೆಯ ತುದಿಯ ಮೇಲೆ ಒಂದೇ ಗಂಟು ಹಾಕಿ. ಗಂಟು ತಲೆಯ ಹಿಂದಿನ ಉಬ್ಬು ಮೂಳೆಗಿಂತ ಕೆಳಗಿರಲಿ, ಮೇಲೆ ಬಿದ್ದರೆ ಒಂದು ಗಂಟೆಯಲ್ಲಿ ತಲೆನೋವು. ಉಳಿದ ತುದಿಗಳನ್ನು ಹಗ್ಗದಂತೆ ಹೊಸೆದು ತುರುಬಿನಂತೆ ಸುತ್ತಿ ಸಿಕ್ಕಿಸಿದರೆ ಹೂವಿಗೂ ಜಾಗ ಸಿಗುತ್ತದೆ. ಬೋಳು ತಲೆ ಚಿಕ್ಕದಾಗಿ ಕಾಣುತ್ತದೆ, ಒಳಗೆ ಮೂರು ಬೆರಳಗಲದ ಬಟ್ಟೆ ಮಡಿಚಿ ಇಟ್ಟರೆ ಎತ್ತರ ಬರುತ್ತದೆ. ಗಂಡಸರಿಗೆ ಹತ್ತಿ ಟೋಪಿ ಅಥವಾ ಹೆಗಲ ಟವೆಲ್ಲೇ ಸಾಕು, ಆದರೆ ಗದ್ದೆಗೆ ಹೋಗುವವರು ಬರಿತಲೆಯಲ್ಲಿ ನಿಲ್ಲಬಾರದು. ಹೊಸ ಬೋಳು ಚರ್ಮ ಅರ್ಧ ಗಂಟೆಯ ಬಿಸಿಲಿಗೇ ಸುಡುತ್ತದೆ.

ಮತ್ತೆ ಬರುವಾಗ

ಕೊನೆಯ ಕೀಮೋ ಆದ ಒಂದು–ಒಂದೂವರೆ ತಿಂಗಳಿಗೆ ನವಿರು ಕಾಣಿಸುತ್ತದೆ, ಆಮೇಲೆ ತಿಂಗಳಿಗೆ ಸುಮಾರು 1 ಸೆ.ಮೀ. ಬೆಳೆಯುತ್ತದೆ. ಮೊದಲು ಗುಂಗುರಾಗಿಯೋ ಬೂದು ಬಣ್ಣದಲ್ಲೋ ಬರಬಹುದು, ಬಹುಪಾಲು ಜನರಿಗೆ ನಿಧಾನಕ್ಕೆ ಹಳೆಯ ಗುಣ ಮರಳುತ್ತದೆ. ಡೋಸಿಟ್ಯಾಕ್ಸೆಲ್ ಪಡೆದ ಕೆಲವರಲ್ಲಿ ಪೂರ್ತಿ ತುಂಬದಿರುವುದುಂಟು, ಆರು ತಿಂಗಳಾದರೂ ನೆತ್ತಿ ಹಾಗೇ ಇದ್ದರೆ ಚರ್ಮವೈದ್ಯರನ್ನು ಕಾಣಿ. ಬಣ್ಣ ಹಚ್ಚುವ ಅವಸರ ಬೇಡ. ಕೂದಲು ನಾಲ್ಕೈದು ಸೆಂಟಿಮೀಟರ್ ಆಗಿ, ನೆತ್ತಿಯ ಉರಿ ಪೂರ್ತಿ ಹೋದ ಮೇಲೆ ಶುದ್ಧ ಗೋರಂಟಿಯಿಂದ ಶುರುಮಾಡಿ. ಕಪ್ಪು ಮೆಹಂದಿ ಎಂದು ಮಾರುವ ಪುಡಿಗಳಲ್ಲಿ ಪಿಪಿಡಿ ಎಂಬ ರಾಸಾಯನಿಕ ಸೇರಿರುತ್ತದೆ, ತೆಳು ಚರ್ಮದ ಮೇಲೆ ಅದು ಗುಳ್ಳೆ ಏಳಿಸುತ್ತದೆ. ಯಾವುದನ್ನೇ ಆದರೂ ಮೊದಲು ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ 48 ಗಂಟೆ ನೋಡಿ, ಕೆಂಪಾದರೆ ಅಥವಾ ತುರಿಸಿದರೆ ತಲೆಗೆ ಹಚ್ಚಬೇಡಿ.